ಐದೂವರೆ ಮೀಟರ್ ದೋಣಿಗೆ ಯಾವ ಲಂಗರು ಒಳ್ಳೆಯದು? ಈಗಿರುವುದು ಗಾಳಿ ಎದ್ದರೆ ಜಾರುತ್ತದೆ

ತಿಳಿನೀರು:
ಎಲ್ಲರಿಗೂ ನಮಸ್ಕಾರ. ನಮ್ಮದು ಐದೂವರೆ ಮೀಟರ್ ಉದ್ದದ, ಚಾವಣಿಯಿಲ್ಲದ ಫೈಬರ್ ದೋಣಿ. ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಇದೆ, ಸಾಮಾನ್ಯವಾಗಿ ನಾಲ್ಕು ಜನ ಇರುತ್ತೇವೆ. ಗಾಳ ಹಾಕಲು, ಈಜಲು ಅಥವಾ ಸುಮ್ಮನೆ ಕುಳಿತು ಹರಟಲು ಮೂರರಿಂದ ಆರು ಮೀಟರ್ ಆಳದಲ್ಲಿ ನಿಲ್ಲುತ್ತೇವೆ. ತಳದಲ್ಲಿ ಹೆಚ್ಚಿನ ಕಡೆ ಮರಳು, ಕೆಲವು ಕಡೆ ಮೆತ್ತನೆಯ ಕೆಸರು. ದೋಣಿಯ ಜೊತೆಗೇ ಬಂದ, ನಾಲ್ಕು ಕೊಕ್ಕೆಗಳ ಮಡಚುವ ಲಂಗರು 3.2 ಕಿಲೋ ತೂಗುತ್ತದೆ. ಅದಕ್ಕೆ ಕಟ್ಟಿರುವುದು 20 ಮೀಟರ್ ಪ್ಲಾಸ್ಟಿಕ್ ಹಗ್ಗ, ಸರಪಳಿ ಇಲ್ಲ. ಬೆಳಗಿನ ಹೊತ್ತು ಚೆನ್ನಾಗಿಯೇ ನಿಲ್ಲುತ್ತದೆ, ಆದರೆ ಮಧ್ಯಾಹ್ನದ ಗಾಳಿ ಎದ್ದಿತೆಂದರೆ ದೋಣಿ ನಮಗೆ ಗೊತ್ತೇ ಆಗದಷ್ಟು ನಿಧಾನವಾಗಿ ದಡದ ಕಡೆಗೆ ಸರಿಯತೊಡಗುತ್ತದೆ.

ಅಂಗಡಿಯವರು ಇದೇ ಜಾತಿಯ ಆರು ಕಿಲೋದ್ದನ್ನು ಕೊಳ್ಳಿ ಎನ್ನುತ್ತಾರೆ. ದೋಣಿಯಿರುವ ಪರಿಚಿತರೊಬ್ಬರು ನೇಗಿಲಿನ ಆಕಾರದ್ದೇ ಆಗಬೇಕು ಎಂದರೆ, ಇನ್ನೊಬ್ಬರು ಲಂಗರು ಅದೇ ಇರಲಿ, ಹಗ್ಗ ಬದಲಿಸಿದರೆ ಸಾಕು ಎನ್ನುತ್ತಾರೆ. ನನಗೆ ತಿಳಿಯಬೇಕಾದದ್ದು ಇಷ್ಟು: ತೂಕ ಹೆಚ್ಚಿಸಬೇಕೇ, ಆಕಾರ ಬದಲಿಸಬೇಕೇ? ಮುಂಭಾಗದ ಪೆಟ್ಟಿಗೆ ಚಿಕ್ಕದು. ಲಂಗರು ಎತ್ತುವ ಕೆಲಸ ಹೆಚ್ಚಾಗಿ ನನ್ನ ಮಗಳದ್ದು, ಆದ್ದರಿಂದ ವಿಪರೀತ ಭಾರದ್ದು ಬೇಡ.

ಹಳೇಚುಕ್ಕಾಣಿ:
ಅಂಗಡಿಯವರ ಮಾತನ್ನು ಕೇಳಬೇಡಿ. ಮಡಚುವ ನಾಲ್ಕು ಕೊಕ್ಕೆಯ ಲಂಗರು ಕಲ್ಲಿನ ಸಂದಿಗೆ ಸಿಕ್ಕಿಕೊಂಡು ಹಿಡಿಯುವ ವಸ್ತು. ಮರಳಿನಲ್ಲಿ ಅದಕ್ಕೆ ಸಿಕ್ಕಿಕೊಳ್ಳಲು ಏನೂ ಇರುವುದಿಲ್ಲ. ನಾಲ್ಕರಲ್ಲಿ ಒಂದೋ ಎರಡೋ ಕೊಕ್ಕೆಗಳು ತಳಕ್ಕೆ ಇಳಿದಿರುತ್ತವೆ, ಉಳಿದವು ನೀರಿನಲ್ಲಿ ಮುಖ ಮೇಲೆತ್ತಿ ನಿಂತಿರುತ್ತವೆ. ಇಳಿದ ಕೊಕ್ಕೆಯಾದರೂ ಎರಡು ಬೆರಳಿಗಿಂತ ಅಗಲ ಇರುವುದಿಲ್ಲವಾದ್ದರಿಂದ, ದೋಣಿ ಎಳೆದಾಗ ಅದು ಮರಳಿನಲ್ಲಿ ಗೆರೆ ಎಳೆಯುತ್ತ ಬರುತ್ತದೆ. ಆರು ಕಿಲೋದ್ದನ್ನು ತಂದರೆ ಗೆರೆ ಇನ್ನಷ್ಟು ಆಳವಾಗುತ್ತದೆ, ಅಷ್ಟೇ.

ನಿಮಗೆ ಬೇಕಾದದ್ದು ಎರಡು ಅಗಲ ಅಲಗುಗಳ ಚಪ್ಪಟೆ ಲಂಗರು, ಅಂದರೆ ಡ್ಯಾನ್‌ಫೋರ್ತ್ ಮಾದರಿ. ಉಕ್ಕಿನದಾದರೆ ನಾಲ್ಕು ಕಿಲೋ ಸಾಕು. ಚಪ್ಪಟೆಯಾಗಿ ಮಲಗುವುದರಿಂದ ಪೆಟ್ಟಿಗೆಯಲ್ಲೂ ಹಿಡಿಯುತ್ತದೆ.

ಗಾಳಪುರಾಣ:
ಮಡಚುವ ಲಂಗರನ್ನು ಇಷ್ಟೊಂದು ಹೀಗಳೆಯಬೇಕಾಗಿಲ್ಲ. ನಾನು ಬಂಡೆಗಳ ನಡುವೆ ಗಾಳ ಹಾಕುವವನು. ಅಲ್ಲಿ ಡ್ಯಾನ್‌ಫೋರ್ತ್ ಇಳಿಸಿದರೆ ಒಂದೋ ಅದು ಬಂಡೆಯ ಮೇಲೆ ಜಾರುತ್ತದೆ, ಇಲ್ಲವೇ ಸಂದಿಗೆ ಸಿಕ್ಕಿ, ಹಗ್ಗ ಕಟ್ಟುವ ಉದ್ದನೆಯ ದಂಡ ಬಾಗುತ್ತದೆ. ನಾಲ್ಕು ಕೊಕ್ಕೆಯದು ಬಂಡೆಯಲ್ಲಿ ಹಿಡಿಯುತ್ತದೆ, ಸಿಕ್ಕಿಕೊಂಡರೂ ಬಿಟ್ಟು ಬರುವಷ್ಟು ಅಗ್ಗವಾಗಿಯೂ ಇದೆ. ಮರಳಿನಲ್ಲಿ ನಿಲ್ಲಬೇಕೆಂದರೆ ಲೋಹದ ಡಬ್ಬಿಗೆ ಕಾಂಕ್ರೀಟ್ ತುಂಬಿ ಒಂದು ಕೊಂಡಿ ಹೂತುಬಿಡಿ. ಇಪ್ಪತ್ತು ಕಿಲೋ ಕಾಂಕ್ರೀಟು ತಳದಲ್ಲಿ ಕುಳಿತಿತೆಂದರೆ ಯಾವ ಗಾಳಿಗೂ ಜಗ್ಗುವುದಿಲ್ಲ.

ಲೆಕ್ಕಿಗ:
ಜಗ್ಗುತ್ತದೆ, ಗಾಳಪುರಾಣ ಅವರೇ, ಧಾರಾಳವಾಗಿ ಜಗ್ಗುತ್ತದೆ. ಕಾಂಕ್ರೀಟಿನ ಸಾಂದ್ರತೆ ನೀರಿನ ಸುಮಾರು 2.4 ಪಟ್ಟು ಮಾತ್ರ. ತಾನು ಸರಿಸಿದ ನೀರಿನಷ್ಟು ತೂಕವನ್ನು ಕಳೆದುಕೊಂಡು ನಿಮ್ಮ 20 ಕಿಲೋ ತಳ ಮುಟ್ಟುವ ಹೊತ್ತಿಗೆ 12 ಕಿಲೋಗಿಂತ ಕಡಿಮೆಯಾಗಿರುತ್ತದೆ. ಅದು ಮಣ್ಣಿನೊಳಗೆ ಇಳಿಯುವುದೂ ಇಲ್ಲ. ತಳದ ಮೇಲೆ ಉಜ್ಜುತ್ತ ಘರ್ಷಣೆಯ ಬಲದಿಂದಷ್ಟೇ ನಿಲ್ಲಬೇಕು, ಆ ಬಲ ಉಳಿದ ತೂಕಕ್ಕಿಂತಲೂ ಕಡಿಮೆ.

ಇನ್ನು ಎದುರಿಗಿರುವ ಬಲ ಎಷ್ಟೆಂದು ನೋಡೋಣ. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ 20 ಅಡಿ ದೋಣಿಯ ಲಂಗರಿನ ಮೇಲೆ ಬೀಳುವ ಭಾರವನ್ನು 15 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳಿಗೆ 90 ಪೌಂಡ್, 30 ನಾಟ್ ಗಾಳಿಗೆ 360 ಪೌಂಡ್, 42 ನಾಟ್ ಗಾಳಿಗೆ 720 ಪೌಂಡ್ ಎಂದು ಕೊಟ್ಟಿದ್ದಾರೆ. ಕಿಲೋ ಲೆಕ್ಕದಲ್ಲಿ ಅವು ಸುಮಾರು 41, 163 ಮತ್ತು 327. ತಿಳಿನೀರು ಅವರ ದೋಣಿ ಎರಡು ಅಡಿಯಷ್ಟು ಗಿಡ್ಡ, ಆ ಪಟ್ಟಿಯೂ ಜಾಗ್ರತೆಗಾಗಿ ಸ್ವಲ್ಪ ಹೆಚ್ಚೇ ಹೇಳುತ್ತದೆ. ಆದರೂ ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದು ಬದಲಾಗುವುದಿಲ್ಲ. ಬೆಳಗ್ಗೆ ನಿಂತ ದೋಣಿ ಮಧ್ಯಾಹ್ನ ಜಾರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಈ ಬಲವನ್ನು ಬರೀ ತೂಕದಿಂದ ತಡೆಯಲು ಹೊರಟರೆ ದೋಣಿಯಲ್ಲಿ ಜನರಿಗೆ ಜಾಗ ಇರುವುದಿಲ್ಲ. ಅಗಲವಾದ ಅಲಗು ಮರಳಿನೊಳಗೆ ಹೂತುಕೊಂಡರೆ ತನ್ನ ತೂಕದ ಹತ್ತಾರು ಪಟ್ಟು ಬಲವನ್ನು ತಡೆಯುತ್ತದೆ.

ಗಾಳಪುರಾಣ:
ಲೆಕ್ಕ ಸರಿ ಇರಬಹುದು. ನಮ್ಮ ಡಬ್ಬಿ ಮಾತ್ರ ಇನ್ನೂ ನಿಂತೇ ಇದೆ.

ಹಳೇಚುಕ್ಕಾಣಿ:
ಗಾಳಿ ಇಲ್ಲದ ಕಡೆ ಲಂಗರೇ ಇಲ್ಲದೆಯೂ ದೋಣಿ ನಿಲ್ಲುತ್ತದೆ.

ಕಮಾನುಕಂಬಿ:
ಡ್ಯಾನ್‌ಫೋರ್ತ್ ಎಂದೊಡನೆ ಎಲ್ಲರೂ ತಲೆಯಾಡಿಸುವುದನ್ನು ನೋಡಿ ಒಂದು ಮಾತು ಹೇಳಬೇಕೆನಿಸಿತು. ಎಳೆತ ಒಂದೇ ದಿಕ್ಕಿನಲ್ಲಿ ಇರುವವರೆಗೆ ಅದರ ಹಿಡಿತದ ಬಗ್ಗೆ ತಕರಾರಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳಿಗೆ ಅದನ್ನು ಬಳಸಿದ್ದರು. ದಡಕ್ಕೆ ಬರುವಾಗ ಹಿಂದೆ ಇಳಿಸಿಬಿಟ್ಟು, ಆಮೇಲೆ ಅದನ್ನೇ ಎಳೆದುಕೊಂಡು ದೋಣಿಯನ್ನು ಮರಳಿ ನೀರಿಗೆ ತರುವುದು ಕ್ರಮ. ಅಂದರೆ ಅದು ನೇರ ಎಳೆತದ ಕೆಲಸ. ವಿಹಾರದ ದೋಣಿಗೆ ಗಾಳಿ ತಿರುಗುತ್ತದೆ, ಉಬ್ಬರ ಹೋಗಿ ಇಳಿತ ಬರುತ್ತದೆ, ಎಳೆತ ಪೂರ್ತಿ ಹಿಂದುಮುಂದಾಗುತ್ತದೆ. ಆಗ ಈ ಲಂಗರು ಕಿತ್ತು ಬಂದು ಮತ್ತೆ ಹೂತುಕೊಳ್ಳಬೇಕು. ಅಲಗು ಮತ್ತು ದಂಡದ ನಡುವಿನ ಸಂದಿಯಲ್ಲಿ ಒಂದು ಚಿಪ್ಪೋ ಕಲ್ಲೋ ಸಿಕ್ಕಿಕೊಂಡಿದ್ದರೆ ಅಲಗು ತಿರುಗುವುದೇ ಇಲ್ಲ, ಲಂಗರು ತಳದ ಮೇಲೆ ಮಲಗಿಕೊಂಡೇ ದೋಣಿಯ ಹಿಂದೆ ಬರುತ್ತದೆ.

ಇದಕ್ಕೆ ಉತ್ತರ, ಬೆನ್ನ ಮೇಲೆ ಕಮಾನಿನ ಕಂಬಿ ಇರುವ ಹೊಸ ಮಾದರಿಗಳು: ರೊಕ್ನಾ, ಮ್ಯಾನ್ಸನ್ ಸುಪ್ರೀಂ, ಮ್ಯಾಂಟಸ್ ಇತ್ಯಾದಿ. ಹೇಗೆ ಬಿದ್ದರೂ ಕಂಬಿ ಅದನ್ನು ಉರುಳಿಸಿ, ಮೊನೆ ಮಣ್ಣಿಗೆ ತಾಗುವಂತೆ ಮಾಡುತ್ತದೆ. ಒಳಬಾಗಿದ ಅಲಗು ತಾನಾಗಿಯೇ ಅಗೆದುಕೊಂಡು ಇಳಿಯುತ್ತದೆ, ಎಳೆತದ ದಿಕ್ಕು ಬದಲಾದರೆ ಮಣ್ಣಿನೊಳಗೇ ನಿಧಾನವಾಗಿ ತಿರುಗುತ್ತದೆ. ಈ ದೋಣಿಗೆ ಐದಾರು ಕಿಲೋದ್ದು ಸಾಕು.

ಹಳೇಚುಕ್ಕಾಣಿ:
ಕಮಾನಿನ ಲಂಗರು ಒಳ್ಳೆಯದಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಎಲ್ಲಿ ಇಡಬೇಕು? ಪೆಟ್ಟಿಗೆ ಚಿಕ್ಕದು ಎಂದು ಅವರು ಮೊದಲೇ ಹೇಳಿದ್ದಾರೆ. ಆ ಕಂಬಿ ಯಾವ ಪೆಟ್ಟಿಗೆಗೂ ಒಗ್ಗುವುದಿಲ್ಲ, ಹೊರಗಿಟ್ಟರೆ ಕಾಲಿಗೆ ತಾಗುತ್ತದೆ. ಜೊಂಡು, ಪಾಚಿ ಇರುವ ಕಡೆ ಕಂಬಿ ಮತ್ತು ಅಲಗಿನ ನಡುವೆ ಒಂದು ಹೊರೆ ಸಿಕ್ಕಿಕೊಂಡರೆ ಅದೂ ಮತ್ತೆ ಹೂತುಕೊಳ್ಳುವುದಿಲ್ಲ. ಹಗಲು ಎರಡು ಮೂರು ಗಂಟೆ, ಕಣ್ಣೆದುರಿಗೇ ದಡವಿರುವಾಗ ಗಾಳಿ ತಿರುಗಿದರೆ ಎದ್ದು ಇನ್ನೊಮ್ಮೆ ಲಂಗರು ಹಾಕಿದರಾಯಿತು.

ಕಮಾನುಕಂಬಿ:
ಬಿಡಿಸಿಡಬಹುದಾದ ಮಾದರಿಗಳೂ ಇವೆ. ಮ್ಯಾಂಟಸ್ ಬೋಲ್ಟ್ ಹಾಕಿ ಜೋಡಿಸುವಂಥದ್ದು, ಕಂಬಿ ಬಿಚ್ಚಿದರೆ ಚಪ್ಪಟೆಯಾಗುತ್ತದೆ. ಸ್ಪೇಡ್ ಎಂಬುದಕ್ಕೆ ಕಂಬಿಯೇ ಇಲ್ಲ. ಮೊನೆಯಲ್ಲಿ ಸೀಸದ ಭಾರವಿಟ್ಟು ಅದೇ ಕೆಲಸ ಮಾಡಿಸುತ್ತಾರೆ.

ಹಳೇಚುಕ್ಕಾಣಿ:
ಗಾಳಿ ಎದ್ದಾಗ ಸ್ಪ್ಯಾನರ್ ಹಿಡಿದು ಲಂಗರು ಜೋಡಿಸುತ್ತ ಕೂರುವುದೇ? ಎಂಜಿನ್ ನಿಂತುಹೋದ ಕ್ಷಣದಲ್ಲಿ ದೋಣಿಯನ್ನು ತಡೆಯುವುದು ಲಂಗರೊಂದೇ. ಅದು ಯಾವಾಗಲೂ ಹಗ್ಗಕ್ಕೆ ಕಟ್ಟಿಕೊಂಡು, ಕೈಗೆ ಸಿಗುವಂತೆ, ಅರ್ಧ ನಿಮಿಷದಲ್ಲಿ ನೀರಿಗಿಳಿಯುವಂತೆ ಇರಬೇಕು.

ಕಮಾನುಕಂಬಿ:
ಆ ಮಾತನ್ನು ಒಪ್ಪುತ್ತೇನೆ.

ತಿಳಿನೀರು:
ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು ನನ್ನ ಸ್ಥಿತಿ! ನೇಗಿಲಿನ ಆಕಾರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಮತ್ತೆ, ಹಗ್ಗ ಬದಲಿಸಿದರೆ ಸಾಕು ಎಂದವರ ಮಾತಿನಲ್ಲಿ ಹುರುಳಿದೆಯೇ?

ಲೆಕ್ಕಿಗ:
ನೇಗಿಲಿನ ಲಂಗರಿನ ಮೂಲ ಸ್ವಾರಸ್ಯಕರವಾಗಿದೆ. ಸಿ.ಕ್ಯೂ.ಆರ್. ಎಂಬ ಹೆಸರಿನ ಆ ಲಂಗರನ್ನು 1933ರಲ್ಲಿ ರೂಪಿಸಿದವರು ಕೇಂಬ್ರಿಜ್‌ನ ಜೆಫ್ರಿ ಇಂಗ್ರಾಂ ಟೇಲರ್. ದ್ರವಗಳ ಚಲನೆಯ ಬಗ್ಗೆ ಮೂಲಭೂತ ಕೆಲಸ ಮಾಡಿದ ಈ ಗಣಿತಜ್ಞರು ಅದನ್ನು ಮಾಡಿದ್ದು ನೀರಿನ ಮೇಲೆ ಇಳಿಯುವ ವಿಮಾನಗಳಿಗಾಗಿ. ವಿಮಾನಕ್ಕೆ ಭಾರದ ಲಂಗರನ್ನು ಹೊರುವ ಶಕ್ತಿ ಇರುವುದಿಲ್ಲವಲ್ಲ. ತೂಕವಲ್ಲ, ಹೂತುಕೊಳ್ಳುವ ಆಕಾರ ಮುಖ್ಯ ಎಂಬುದು ಅಲ್ಲಿಂದಲೇ ಹೊರಟ ವಿಚಾರ. ಆಮೇಲೆ ದಂಡ ಅಲುಗಾಡದ ಡೆಲ್ಟಾ ಬಂತು. ಇವು ಯಾವ ತಳದಲ್ಲೂ ಸುಮಾರಾಗಿ ಹಿಡಿಯುತ್ತವೆ. ಆದರೆ ನಾಲ್ಕೈದು ಕಿಲೋದಷ್ಟು ಹಗುರ ತೂಕದಲ್ಲಿ ಗಟ್ಟಿ ಮರಳಿಗೆ ಮೊನೆ ಇಳಿಸುವುದು ಅವಕ್ಕೆ ಕಷ್ಟ. ಬ್ರೂಸ್ ಎಂಬ ಮೂರು ಬೆರಳಿನ ಮಾದರಿ ಬೇಗ ಕಚ್ಚುತ್ತದೆ, ಆದರೆ ತೂಕಕ್ಕೆ ಹೋಲಿಸಿದರೆ ಅದರ ಹಿಡಿತ ಕಡಿಮೆ. ಹಗ್ಗದ ಬಗ್ಗೆ ಬಲ್ಲವರು ಬರೆಯಲಿ.

ನೀಲಿನೂಲು:
ಬರೆಯುತ್ತೇನೆ. ಹಗ್ಗ ಬದಲಿಸಿದರೆ ಸಾಕು ಎಂದವರು ಅರ್ಧ ಸತ್ಯ ಹೇಳಿದ್ದಾರೆ, ಆ ಅರ್ಧವೇ ಹೆಚ್ಚು ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ.

ಯಾವ ಆಕಾರದ ಲಂಗರಾದರೂ ಅದನ್ನು ತಳಕ್ಕೆ ಸಮಾನಾಂತರವಾಗಿ ಎಳೆದಾಗ ಮಾತ್ರ ಒಳಗಿಳಿಯುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಲಂಗರನ್ನು ಎತ್ತುವಾಗ ನಾವು ಮಾಡುವುದೂ ಅದನ್ನೇ ತಾನೇ? ಆದ್ದರಿಂದ ಹಗ್ಗ ಎಷ್ಟು ಉದ್ದ ಬಿಟ್ಟಿದ್ದೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. ಆಳ 5 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ 1 ಮೀಟರ್ ಎಂದರೆ ಒಟ್ಟು 6. ಈ ಒಂದು ಮೀಟರನ್ನು ಬಹಳ ಜನ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. 20 ಮೀಟರ್ ಹಗ್ಗವನ್ನು ಪೂರ್ತಿ ಬಿಟ್ಟರೂ ಸಿಗುವುದು ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದರೆ ಹಗ್ಗ ಬಿಗಿದಾಗ ತಳದಿಂದ 17–18 ಡಿಗ್ರಿ ಕೋನದಲ್ಲಿ ಮೇಲಕ್ಕೆ ಎಳೆಯುತ್ತದೆ. ಐದು ಪಟ್ಟು ಬಿಟ್ಟರೆ ಕೋನ ಹನ್ನೊಂದೂವರೆ ಡಿಗ್ರಿಗೆ ಇಳಿಯುತ್ತದೆ, ಏಳು ಪಟ್ಟಿಗೆ ಎಂಟು ಡಿಗ್ರಿ, ಹತ್ತು ಪಟ್ಟಿಗೆ ಆರಕ್ಕಿಂತ ಸ್ವಲ್ಪ ಕಡಿಮೆ. ಮೂರರಿಂದ ಐದಕ್ಕೆ ಹೋದಾಗ ಸಿಗುವಷ್ಟು ಲಾಭ ಏಳರಿಂದ ಹತ್ತಕ್ಕೆ ಹೋದಾಗ ಸಿಗುವುದಿಲ್ಲ ಎಂಬುದನ್ನೂ ಗಮನಿಸಿ. ಕಣ್ಗಾವಲಿರುವ ಹಗಲಿಗೆ ಐದು ಪಟ್ಟು, ಗಾಳಿ ಎದ್ದರೆ ಅಥವಾ ರಾತ್ರಿ ನಿಲ್ಲುವುದಾದರೆ ಏಳು ಪಟ್ಟು ಎಂದಿಟ್ಟುಕೊಳ್ಳಿ. ಇಳಿತದ ಸಮಯದಲ್ಲಿ ಲಂಗರು ಹಾಕಿದ್ದರೆ ಉಬ್ಬರದಲ್ಲಿ ಏರುವ ನೀರನ್ನೂ ಸೇರಿಸಬೇಕು. ನೀರು ಎರಡು ಮೀಟರ್ ಏರುವ ಕಡೆ ನಿಮ್ಮ 6 ಎಂಬುದು 8 ಆಗುತ್ತದೆ, ಏಳು ಪಟ್ಟೆಂದರೆ 56 ಮೀಟರ್.

ಇನ್ನು ನಿಮ್ಮ ಪ್ಲಾಸ್ಟಿಕ್ ಹಗ್ಗ ಬಹುಶಃ ಪಾಲಿಪ್ರೊಪಿಲೀನ್. ಅದು ನೀರಿಗಿಂತ ಹಗುರ, ತೇಲುತ್ತದೆ. ಲಂಗರಿನ ದಂಡವನ್ನು ಮೇಲಕ್ಕೆ ಎತ್ತುವುದಲ್ಲದೆ, ಗಾಳಿ ಇಲ್ಲದಾಗ ನೀರಿನ ಮೇಲೆ ಸಡಿಲವಾಗಿ ಬಿದ್ದುಕೊಂಡು ಎಂಜಿನ್ನಿನ ಪಂಖಕ್ಕೆ ಸುತ್ತಿಕೊಳ್ಳುತ್ತದೆ. ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಮೂರು ಎಳೆ ಹೊಸೆದ ನೈಲಾನ್ ತನ್ನಿ. ಅದು ಮುಳುಗುತ್ತದೆ, ಅಲೆಯ ಜಗ್ಗಾಟಕ್ಕೆ ಹಿಗ್ಗಿ ಕೊಟ್ಟು ಪೆಟ್ಟನ್ನು ನುಂಗುತ್ತದೆ. ಬಲಕ್ಕೆ 8 ಮಿಲಿಮೀಟರ್ ದಪ್ಪವೂ ಸಾಲುತ್ತದೆ, ಆದರೆ ಒದ್ದೆ ಕೈಯಲ್ಲಿ ಎಳೆಯುವವರ ಅಂಗೈಯನ್ನು ನೆನಪಿನಲ್ಲಿಟ್ಟುಕೊಂಡು 10 ಅಥವಾ 12ರದ್ದನ್ನೇ ಕೊಳ್ಳಿ. ಪಾಲಿಯೆಸ್ಟರ್ ಹಗ್ಗ ಗಟ್ಟಿ, ಆದರೆ ಹಿಗ್ಗುವುದಿಲ್ಲ. ಲಂಗರಿಗೆ ಅದು ಬೇಡ.

ದಡಸೇರು:
ಇಷ್ಟು ಉದ್ದ ಬಿಟ್ಟರೆ ಪಕ್ಕದ ದೋಣಿಗೆ ಹೋಗಿ ಬಡಿಯುವುದಿಲ್ಲವೇ?

ನೀಲಿನೂಲು:
40 ಮೀಟರ್ ಬಿಟ್ಟರೆ ಗಾಳಿ ತಿರುಗಿದಂತೆ ದೋಣಿ ಅಷ್ಟೇ ತ್ರಿಜ್ಯದ ವೃತ್ತದಲ್ಲಿ ತಿರುಗಬಹುದು ಎಂದು ಭಾವಿಸಿ ಜಾಗ ಆರಿಸಬೇಕು. ಜಾಗ ಕಿರಿದಾಗಿದ್ದರೆ ಕಡಿಮೆ ಆಳದ ಕಡೆಗೆ ಹೋಗಿ. ಆಳ ಅರ್ಧವಾದರೆ ಬೇಕಾದ ಹಗ್ಗವೂ ಸರಿಸುಮಾರು ಅರ್ಧವಾಗುತ್ತದೆ. ಹಗ್ಗ ಮೊಟಕುಗೊಳಿಸುವುದು ಕೊನೆಯ ಉಪಾಯ.

ಗಾಳಪುರಾಣ:
ಸರಪಳಿ ಹಾಕಿದರೆ ಇಷ್ಟು ಹಗ್ಗವೇ ಬೇಡ. ಸರಪಳಿಯ ಭಾರಕ್ಕೆ ಎಳೆತ ತಾನಾಗಿಯೇ ಮಲಗುತ್ತದೆ.

ಲೆಕ್ಕಿಗ:
ಪೂರ್ತಿ ಸರಪಳಿ ಇರುವ ದೊಡ್ಡ ಹಡಗಿಗೆ ಆ ಮಾತು ಒಂದು ಮಟ್ಟಿಗೆ ಸರಿ. 6 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 0.8 ಕಿಲೋ ತೂಗುತ್ತದೆ; ಐದು ಮೀಟರ್ ಹಾಕಿದರೆ ನಾಲ್ಕು ಕಿಲೋ. ಮಂದಗಾಳಿಯಲ್ಲಿ ಅದು ತಳದ ಮೇಲೆಯೇ ಮಲಗಿರುತ್ತದೆ, ನಿಜ. ಆದರೆ ನೂರು ಕಿಲೋ ಎಳೆತ ಬಂದಾಗ ಆ ನಾಲ್ಕು ಕಿಲೋ ಏನು ತಡೆದೀತು? ಸರಪಳಿ ನೇರವಾಗಿ ಬಿಗಿದುಕೊಳ್ಳುತ್ತದೆ, ಉಳಿಯುವುದು ಹಗ್ಗದ ಉದ್ದ ಮತ್ತು ಕೋನ ಮಾತ್ರ.

ಹಳೇಚುಕ್ಕಾಣಿ:
ಹಾಗೆಂದು ಸರಪಳಿ ಬೇಡ ಎಂದು ಯಾರೂ ತಿಳಿಯದಿರಲಿ. ದೋಣಿಯ ಉದ್ದದಷ್ಟಾದರೂ ಇರಲೇಬೇಕು. ಲಂಗರಿನ ಹತ್ತಿರದ ಹಗ್ಗ ಕಲ್ಲಿಗೆ, ಚಿಪ್ಪಿಗೆ ಉಜ್ಜಿ ಸವೆಯುತ್ತದೆ. ಅಲ್ಲಿ ಸರಪಳಿಯಿದ್ದರೆ ಸವೆಯಲು ಹಗ್ಗವೇ ಇರುವುದಿಲ್ಲ. ಹಗುರ ಲಂಗರಿನ ದಂಡವನ್ನು ತಳಕ್ಕೆ ಒತ್ತಿ ಹಿಡಿದು ಮೊನೆ ಕಚ್ಚುವಂತೆ ಮಾಡುವುದೂ ಸರಪಳಿಯೇ. ನಾಲ್ಕು ಕಿಲೋ ಡ್ಯಾನ್‌ಫೋರ್ತ್‌ಗೆ ಐದಾರು ಮೀಟರ್ ಸರಪಳಿ ಕಟ್ಟಿ ಇಳಿಸಿ ನೋಡಿ, ಸರಪಳಿ ಇಲ್ಲದೆಯೂ ಇಳಿಸಿ ನೋಡಿ. ಮಾತು ಬೇಕಾಗುವುದಿಲ್ಲ.

ಕೆಸರುಗಾಲು:
ಕೆಸರಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಮೆತ್ತನೆಯ ಕೆಸರಿನಲ್ಲಿ ಸಮಸ್ಯೆ ಇಳಿಯುವುದಲ್ಲ. ಎಲ್ಲವೂ ಇಳಿಯುತ್ತವೆ, ಆದರೆ ಕೆಸರಿಗೆ ತಡೆಯುವ ಶಕ್ತಿ ಇರುವುದಿಲ್ಲ. ಅಲ್ಲಿ ಅಲಗಿನ ಅಗಲವೇ ದೊಡ್ಡದು, ಜೊತೆಗೆ ಅಲಗು ಹೆಚ್ಚು ಕೋನದಲ್ಲಿ ತೆರೆದಿರಬೇಕು. ಫೋರ್ಟ್ರೆಸ್ ಎಂಬ ಅಲ್ಯೂಮಿನಿಯಂ ಲಂಗರಿನಲ್ಲಿ ಅಲಗನ್ನು ಮರಳಿಗೆ 32 ಡಿಗ್ರಿ, ಮೆತ್ತನೆಯ ಕೆಸರಿಗೆ 45 ಡಿಗ್ರಿ ಎಂದು ಎರಡು ರೀತಿ ಜೋಡಿಸಬಹುದು. ಈ ಅಳತೆಯ ದೋಣಿಗೆ ಅದರ ತಯಾರಕರು ಹೇಳುವ ಲಂಗರು ನಾಲ್ಕು ಪೌಂಡ್, ಎಂದರೆ ಎರಡು ಕಿಲೋ ಕೂಡ ಇಲ್ಲ. ಎತ್ತುವವರು ಮಗಳು ಎಂದಿದ್ದೀರಲ್ಲ, ಯೋಚಿಸಿ. ದೋಷವೂ ಇದೆ: ಹರಿವು ಜೋರಿದ್ದಾಗ ಅಷ್ಟು ಹಗುರವಾದದ್ದು ನೇರ ಇಳಿಯದೆ ಓರೆಯಾಗಿ ತೇಲಿಕೊಂಡು ಹೋಗುತ್ತದೆ, ಆದ್ದರಿಂದ ದೋಣಿ ಪೂರ್ತಿ ನಿಂತ ಮೇಲೆಯೇ ಇಳಿಸಬೇಕು.

ಅಣಬೆಯಾಕಾರದ ಲಂಗರನ್ನೂ ಕೆಸರಿಗೆ ಒಳ್ಳೆಯದೆಂದು ಮಾರುತ್ತಾರೆ. ತಿಂಗಳುಗಟ್ಟಲೆ ಒಂದೇ ಕಡೆ ಬಿಟ್ಟ ದೊಡ್ಡ ಅಣಬೆ ಕೆಸರಿನಲ್ಲಿ ಮುಳುಗಿ ಅಂಟಿಕೊಂಡು ಗಟ್ಟಿಯಾಗಿ ನಿಲ್ಲುವುದು ನಿಜ. ಎರಡು ಗಂಟೆಗೆಂದು ಇಳಿಸುವ ಮೂರು ಕಿಲೋ ಅಣಬೆಗೆ ಆ ಗುಣ ಎಲ್ಲಿಂದ ಬರಬೇಕು?

ತಿಳಿನೀರು:
ಅಂದರೆ ನನ್ನ ಉಪಯೋಗಕ್ಕೆ ಚಪ್ಪಟೆ ಅಲಗಿನದೇ ಸರಿ ಎಂದು ತೋರುತ್ತದೆ. ಹೊಳೆಯುವ ಸ್ಟೇನ್‌ಲೆಸ್ ಉಕ್ಕಿನದು ಒಂದು ನೋಡಿದೆ, ಬಹಳ ಚೆನ್ನಾಗಿತ್ತು. ತೆಗೆದುಕೊಳ್ಳಬಹುದೇ?

ಹಳೇಚುಕ್ಕಾಣಿ:
ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ಆ ಹಣವನ್ನು ಹಗ್ಗಕ್ಕೂ ಸರಪಳಿಗೂ ಹಾಕಿ. ಕೆಸರಿನೊಳಗೆ ಹೂತಿರುವ ಲಂಗರಿನ ಹೊಳಪನ್ನು ಮೀನುಗಳೂ ನೋಡುವುದಿಲ್ಲ.

ಕಮಾನುಕಂಬಿ:
ಇಲ್ಲಿ ಹಳೇಚುಕ್ಕಾಣಿ ಅವರ ಪಕ್ಷ ನನ್ನದು. ಕರಗಿಸಿದ ಸತುವಿನಲ್ಲಿ ಅದ್ದಿ ತೆಗೆದ ಉಕ್ಕು ಮಾಸಲು ಬೂದು ಬಣ್ಣಕ್ಕಿರುತ್ತದೆ, ಮುಟ್ಟಿದರೆ ತುಸು ಒರಟು, ಬೇಕಾದದ್ದು ಅದು. ನುಣ್ಣಗೆ ಹೊಳೆಯುವ ತೆಳು ಲೇಪದ ಸರಪಳಿ ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಸತು ಲೇಪದ ಸರಪಳಿಗೆ ಸ್ಟೇನ್‌ಲೆಸ್ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ U ಆಕಾರದ ಕೊಂಡಿ) ಹಾಕಿದರೆ, ಉಪ್ಪುನೀರಿನಲ್ಲಿ ಅವೆರಡು ತಾಗುವ ಜಾಗದ ಸತು ಬೇಗ ಸವೆಯುತ್ತದೆ. ಎಲ್ಲವೂ ಒಂದೇ ಜಾತಿಯದಿರಲಿ. ಶ್ಯಾಕಲ್ ಮೇಲೆ ಎಷ್ಟು ಭಾರ ತಡೆಯುತ್ತದೆ ಎಂಬ ಅಂಕಿ ಅಚ್ಚಾಗಿರದಿದ್ದರೆ ಮುಟ್ಟಬೇಡಿ. ಅದರ ಪಿನ್ನನ್ನು ತಿರುಪಿ ಬಿಗಿದ ಮೇಲೆ, ಪಿನ್ನಿನ ತೂತಿನಿಂದ ತೆಳು ತಂತಿ ಸುತ್ತಿ ಶ್ಯಾಕಲ್‌ನ ಕಾಲಿಗೆ ಕಟ್ಟಲೇಬೇಕು. ಅಲೆಯಲ್ಲಿ ಒಂದೇ ಸಮನೆ ಅಲುಗುತ್ತಿದ್ದರೆ ಎಷ್ಟು ಬಿಗಿದ ಪಿನ್ನೂ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಗ್ಗದ ತುದಿಯ ಕುಣಿಕೆಯೊಳಗೆ ಥಿಂಬಲ್ (ಹಗ್ಗ ಸವೆಯದಂತೆ ಕೂರಿಸುವ ಬಳೆ) ಇರಲಿ, ಇಲ್ಲದಿದ್ದರೆ ಶ್ಯಾಕಲ್ ಹಗ್ಗವನ್ನು ಕೊಯ್ಯುತ್ತದೆ.

ಅಲೆಸಾಲು:
ಎಲ್ಲರೂ ಕೊಳ್ಳುವುದರ ಬಗ್ಗೆಯೇ ಮಾತಾಡುತ್ತಿದ್ದೀರಿ, ಹಾಕುವ ಕ್ರಮ ತಪ್ಪಿದರೆ ಯಾವುದೂ ನಿಲ್ಲುವುದಿಲ್ಲ. ಲಂಗರನ್ನು ದೂರಕ್ಕೆ ಬೀಸಿ ಎಸೆದು, ಅದರ ಮೇಲೆಯೇ ಹಗ್ಗದ ರಾಶಿಯನ್ನು ಸುರಿಯುವವರನ್ನು ಕಂಡಾಗ ನನಗೆ ಕೈ ತುರಿಸುತ್ತದೆ. ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಮುನ್ನಡೆ ಪೂರ್ತಿ ನಿಂತು ಹಿಂದಕ್ಕೆ ಸರಿಯತೊಡಗಿದಾಗ ಲಂಗರನ್ನು ಕೈಯಿಂದ ಇಳಿಸಬೇಕು. ತಳ ಮುಟ್ಟಿದ ಮೇಲೆ ದೋಣಿ ಸರಿದಂತೆ ಹಗ್ಗ ಬಿಡುತ್ತ ಹೋಗಿ, ಮೂರು ಪಟ್ಟು ಹೊರಗೆ ಹೋದಾಗ ಮೂತಿಯ ಕ್ಲೀಟ್‌ಗೆ (ಹಗ್ಗ ಸುತ್ತಿ ಕಟ್ಟುವ ಎರಡು ಕೊಂಬಿನ ಗೂಟಕ್ಕೆ) ಒಂದು ಸುತ್ತು ಹಾಕಿ ಮೆಲ್ಲಗೆ ತಡೆಯಬೇಕು. ಮೊನೆ ಕಚ್ಚಿದ್ದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಉಳಿದ ಹಗ್ಗ ಬಿಟ್ಟು, ಎಂಜಿನ್ನನ್ನು ಹಿಂದಕ್ಕೆ ಹಾಕಿ ನಿಧಾನವಾಗಿ ವೇಗ ಹೆಚ್ಚಿಸಿ.

ಆಗ ಬಿಗಿದ ಹಗ್ಗದ ಮೇಲೆ ಅಂಗೈ ಇಟ್ಟು ನೋಡಿ. ಲಂಗರು ಹೂತಿದ್ದರೆ ಹಗ್ಗ ಬಿಗಿಯುತ್ತ ಹೋಗಿ ಸ್ತಬ್ಧವಾಗುತ್ತದೆ. ಜಾರುತ್ತಿದ್ದರೆ ತಳವನ್ನು ಕೆರೆಯುವ ನಡುಕ ಬಿಟ್ಟುಬಿಟ್ಟು ಕೈಗೆ ಬರುತ್ತದೆ, ಬಿಗಿದ ಹಗ್ಗ ಒಮ್ಮೆ ಸಡಿಲಾಗಿ ಮತ್ತೆ ಬಿಗಿಯುತ್ತದೆ. ಇದರ ಜೊತೆಗೆ ದೋಣಿಯ ಪಕ್ಕಕ್ಕೆ ದಡದಲ್ಲಿ ಒಂದರ ಹಿಂದೆ ಒಂದು ಕಾಣುವ ಎರಡು ಗುರುತುಗಳನ್ನು, ಒಂದು ಕಂಬ ಮತ್ತು ಅದರ ಹಿಂದಿನ ಮರವನ್ನು ಎಂದಿಟ್ಟುಕೊಳ್ಳಿ, ಆರಿಸಿಕೊಳ್ಳಬೇಕು. ಅವೆರಡು ಒಂದರಿಂದೊಂದು ಬೇರೆಯಾಗುತ್ತಲೇ ಹೋದರೆ ನೀವು ಸರಿಯುತ್ತಿದ್ದೀರಿ. ಮೊಬೈಲಿನ ಎಚ್ಚರಿಕೆ ಗಂಟೆ ಇರಲಿ, ಆದರೆ ಕಣ್ಣಿಗೆ ಬ್ಯಾಟರಿ ಬೇಡ.

ದಡಸೇರು:
ಗಾಳ ಹಾಕಲು ಅನುಕೂಲವೆಂದು ನಾವು ಲಂಗರನ್ನು ಹಿಂಭಾಗಕ್ಕೆ ಕಟ್ಟುತ್ತೇವೆ. ಅದರಿಂದೇನಾದರೂ ತೊಂದರೆಯೇ?

ಅಲೆಸಾಲು:
ದಯವಿಟ್ಟು ಇವತ್ತಿಗೇ ಬಿಡಿ. ಔಟ್‌ಬೋರ್ಡ್ ಎಂಜಿನ್ನಿನ ಭಾರಕ್ಕೆ ಹಿಂಭಾಗ ಮೊದಲೇ ತಗ್ಗಿರುತ್ತದೆ, ಅಲ್ಲಿನ ಅಂಚೂ ಗಿಡ್ಡ, ಚಪ್ಪಟೆಯಾದ ಆ ಹಲಗೆ ಅಲೆಯನ್ನು ಸೀಳುವುದಿಲ್ಲ. ಹಗ್ಗ ಹಿಂಭಾಗವನ್ನು ಕೆಳಗೆ ಜಗ್ಗಿ ಹಿಡಿದಿರುವಾಗ ಒಂದೆರಡು ಅಲೆಗಳು ಒಳಗೆ ನುಗ್ಗಿದರೆ ನೀರಿನ ಭಾರವೂ ಅಲ್ಲಿಯೇ ಸೇರುತ್ತದೆ, ಮುಂದಿನ ಅಲೆ ಇನ್ನೂ ಸುಲಭವಾಗಿ ಒಳಬರುತ್ತದೆ. ಚಿಕ್ಕ ದೋಣಿ ಮುಳುಗಲು ಹೆಚ್ಚು ಹೊತ್ತು ಬೇಕಿಲ್ಲ. ಜೋರು ಹರಿವಿರುವ ಕಡೆಯಂತೂ ಇದು ಇನ್ನೂ ಅಪಾಯಕರ. ಲಂಗರಿನ ಜಾಗ ಮೂತಿಯೇ.

ಗಾಳಪುರಾಣ:
ಈ ಮಾತಿಗೆ ನನ್ನದೂ ಪೂರ್ಣ ಬೆಂಬಲ. ಬಾಡಿಗೆ ದೋಣಿಯವರೊಬ್ಬರು ಹೀಗೆಯೇ ಕಟ್ಟಿ ನಿಂತಿದ್ದಾಗ ವೇಗವಾಗಿ ಹಾದುಹೋದ ಇನ್ನೊಂದು ದೋಣಿಯ ಅಲೆ ಎಂಜಿನ್ನಿನ ಮೇಲಿನಿಂದಲೇ ಒಳಗೆ ಬಂದದ್ದನ್ನು ನೋಡಿದ್ದೇನೆ. ಹಗ್ಗ ಕತ್ತರಿಸಿದ್ದರಿಂದ ಬಚಾವಾದರು. ಕೈಗೆ ಸಿಗುವಲ್ಲಿ ಒಂದು ಚಾಕು ಇರಲಿ.

ಬಂಡೆಗಳ ನಡುವೆ ನಿಲ್ಲುವವರಿಗೆ ಇನ್ನೊಂದು ಉಪಾಯ. ಸರಪಳಿಯನ್ನು ದಂಡದ ತುದಿಗೆ ಕಟ್ಟುವ ಬದಲು ಲಂಗರಿನ ಬುಡಕ್ಕೆ ಶ್ಯಾಕಲ್ ಹಾಕಿ, ದಂಡದ ಉದ್ದಕ್ಕೂ ತಂದು, ತುದಿಯಲ್ಲಿ ಪ್ಲಾಸ್ಟಿಕ್ ಕೇಬಲ್ ಟೈಯಿಂದ ಬಿಗಿಯಿರಿ. ಲಂಗರು ಸಿಕ್ಕಿಕೊಂಡಾಗ ನೇರ ಮೇಲೆ ಬಂದು ಜೋರಾಗಿ ಜಗ್ಗಿದರೆ ಟೈ ತುಂಡಾಗುತ್ತದೆ, ಲಂಗರು ಬುಡದಿಂದ ಹಿಂದಕ್ಕೆ ಎಳೆದುಕೊಂಡು ಬಿಡಿಸಿಕೊಳ್ಳುತ್ತದೆ.

ಹಳೇಚುಕ್ಕಾಣಿ:
ಗಾಳಿ ತಿರುಗಿ ಜೋರಾಗಿ ಜಗ್ಗಿದಾಗಲೂ ಅದೇ ಟೈ ತುಂಡಾಗುತ್ತದೆ ಎಂಬುದನ್ನೂ ಸೇರಿಸಿ. ಹಗಲಿನ ಗಾಳಕ್ಕೆ ಅದು ಸರಿ, ನಿದ್ದೆ ಮಾಡುವವರಿಗೆ ಸಲ್ಲದು. ಬುಡಕ್ಕೆ ಬೇರೆಯೇ ತೆಳು ಹಗ್ಗ ಕಟ್ಟಿ, ಅದರ ತುದಿಗೆ ತೇಲುಬುರುಡೆ ಬಿಡುವುದು ಹೆಚ್ಚು ಭದ್ರ. ನಿಮ್ಮ ಲಂಗರು ಎಲ್ಲಿದೆ ಎಂದು ಬೇರೆ ದೋಣಿಗಳವರಿಗೂ ಕಾಣುತ್ತದೆ.

ತಿಳಿನೀರು:
ಎಲ್ಲರಿಗೂ ಧನ್ಯವಾದಗಳು. ನಾಲ್ಕು ಕಿಲೋ ತೂಕದ, ಸತು ಲೇಪದ ಚಪ್ಪಟೆ ಲಂಗರು, 6 ಮಿಲಿಮೀಟರ್ ಸರಪಳಿ ಆರು ಮೀಟರ್, 12 ಮಿಲಿಮೀಟರ್ ನೈಲಾನ್ ಹಗ್ಗ 50 ಮೀಟರ್ ಎಂದು ಪಟ್ಟಿ ಮಾಡಿದ್ದೇನೆ. ಹಗ್ಗಕ್ಕೆ ಐದೈದು ಮೀಟರಿಗೆ ಬಣ್ಣದ ದಾರ ಹೊಲಿದು ಗುರುತು ಮಾಡುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ. ಇನ್ನೇನಾದರೂ ಬಿಟ್ಟುಹೋಗಿದೆಯೇ?

ನೀಲಿನೂಲು:
ಹಗ್ಗದ ಈಚೆಯ ತುದಿಯನ್ನು ದೋಣಿಗೆ ಕಟ್ಟಿದ್ದೀರಾ ನೋಡಿ. ನಗಬೇಡಿ, ಕಟ್ಟದೆಯೇ ಪೂರ್ತಿ ಹಗ್ಗವನ್ನು ನೀರಿಗೆ ಕೊಟ್ಟವರು ಬಹಳ ಜನರಿದ್ದಾರೆ.

ಕೆಸರುಗಾಲು:
ಮೂತಿಯ ಕ್ಲೀಟನ್ನು ಫೈಬರಿಗೆ ಹೇಗೆ ಕೂರಿಸಿದ್ದಾರೆ ಎಂಬುದನ್ನೂ ನೋಡಿ. ಒಳಗಿನಿಂದ ಕೈ ಹಾಕಿ ತಡವಿದರೆ ನಟ್ಟುಗಳೂ ಅವುಗಳ ಹಿಂದೆ ಒಂದು ಲೋಹದ ಫಲಕವೂ ಸಿಗಬೇಕು.

ತಿಳಿನೀರು:
ಈಗ ಹೋಗಿ ನೋಡಿ ಬಂದೆ. ಫಲಕವೂ ಇಲ್ಲ, ನಟ್ಟೂ ಇಲ್ಲ. ಬರೀ ನಾಲ್ಕು ಸ್ಕ್ರೂಗಳ ಮೊನೆಗಳು ಫೈಬರಿನಿಂದ ಹೊರಗೆ ಕಾಣುತ್ತಿವೆ.

ಕೆಸರುಗಾಲು:
ಹಾಗಾದರೆ ಲಂಗರು ಕೊಳ್ಳುವ ಮುಂಚೆ ಅದನ್ನು ಸರಿ ಮಾಡಿಸಿ. ಸ್ಕ್ರೂ ತೆಗೆದು ಆರ‍ಪಾರ ಬೋಲ್ಟ್ ಹಾಕಿ, ಒಳಗಿನಿಂದ ಅಂಗೈ ಅಗಲದ ಸ್ಟೇನ್‌ಲೆಸ್ ಅಥವಾ ದಪ್ಪ ಅಲ್ಯೂಮಿನಿಯಂ ಫಲಕ ಕೊಟ್ಟು ಬಿಗಿಯಬೇಕು. ತೂತುಗಳಿಗೆ ನೀರು ಇಳಿಯದಂತೆ ಸೀಲೆಂಟ್ ತುಂಬಿಸಿ. ಈಗಿರುವ ಸ್ಥಿತಿಯಲ್ಲಿ ಹೊಸ ಲಂಗರು ಗಟ್ಟಿಯಾಗಿ ಹಿಡಿದರೆ ಕಿತ್ತು ಬರುವುದು ಕ್ಲೀಟು.